ಉದ್ದಂಗಳದ ಮೊಕದ್ದಮೆ

ನೆನೆದ ನಾರಿನ ಹೊರೆ ತಲೆಯ ಮೇಲಿದ್ದರೆ ಕತ್ತು ಅತ್ತಿತ್ತ ತಿರುಗಿಸುವಂತಿಲ್ಲ. ನೀರು ಹಣೆಯಿಂದ ಇಳಿದು ಕಣ್ಣಿಗೆ ಬೀಳುತ್ತಿದ್ದರೂ ಕೈಯೆತ್ತಿ ಒರೆಸಿಕೊಳ್ಳುವಂತಿಲ್ಲ. ಹಾಗಾಗಿ ಆ ಬೆಳಿಗ್ಗೆ ಹಗ್ಗದ ಹೆಂಗಸರು ಸಾಲಾಗಿ ಬಂದರೂ ಹಗ್ಗ ಹೊಸೆಯುವ ಉದ್ದಂಗಳಕ್ಕೆ ಅಡ್ಡಲಾಗಿ ನೆಟ್ಟಿದ್ದ ಕಬ್ಬಿಣದ ಕಂಬಗಳು ದೂರದಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರಿಗಿಂತ ಮುಂದಿದ್ದ ಗಂಟಲಕ್ಕನ ಮೊಣಕಾಲಿಗೆ ಮುಳ್ಳುತಂತಿ ಚುಚ್ಚಿದಾಗಲೇ ಗೊತ್ತಾದದ್ದು.

"ಅಯ್ಯಯ್ಯೋ! ಯಾವನೋ ಇಲ್ಲಿ ತಂತಿ ಎಳೆದೋನು?"

ಅವಳು ಕೂಗಿದ್ದು ಅಂಗಳದ ಆ ತುದಿಯ ಕಟ್ಟೆಯವರೆಗೆ ಕೇಳಿಸಿತು. ಗಂಟಲಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಗ್ಗ ಹೊಸೆಯುವಾಗ ಒಂದು ತುದಿಯಲ್ಲಿ ರಾಟೆ ತಿರುಗುತ್ತದೆ. ಹೆಂಗಸರು ಸೊಂಟಕ್ಕೆ ನಾರಿನ ಕಟ್ಟು ಸಿಕ್ಕಿಸಿಕೊಂಡು, ಎಳೆ ಬಿಡುತ್ತಾ ಬಿಡುತ್ತಾ ಹಿಂದೆ ಹಿಂದೆ ನಡೆಯುತ್ತಾರೆ. ಹುರಿ ಬಿಗಿಯಾಗುತ್ತಾ ಹೋಗುತ್ತದೆ. ಬಿಗಿ ಜಾಸ್ತಿಯಾದರೆ ಹುರಿ ಸಿಡಿದು ಮುಖಕ್ಕೆ ಹೊಡೆಯುತ್ತದೆ. ಆಗ ಈ ತುದಿಯಿಂದ ಆ ತುದಿಗೆ "ನಿಲ್ಸೋ!" ಎಂದು ಕೂಗಬೇಕು. ಕಡಲಗಾಳಿಯನ್ನು ಸೀಳಿಕೊಂಡು ಹೋಗುವ ಗಂಟಲು ಆ ಇಡೀ ಕೇರಿಯಲ್ಲಿ ಇದ್ದದ್ದು ಅವಳೊಬ್ಬಳಿಗೇ.

ತಂತಿಯ ಆಚೆಯಿಂದ ಕಾವಲುಗಾರ ಬಂದ. ಹಳೇ ಮನುಷ್ಯ. ದೊರೆಗಳ ಕಾಲದಲ್ಲಿ ಕಂಪನಿಯ ಗೋದಾಮು ಕಾಯುತ್ತಿದ್ದವನು. ಅದೇ ಖಾಕಿ, ಅದೇ ಕೋಲು. ಟೋಪಿಯ ಮೇಲಿನ ಬಿಲ್ಲೆ ಮಾತ್ರ ಹೊಸದು.

"ಕೂಗಬೇಡ ಕಣಕ್ಕ. ಇದು ಈಗ ಬಂದರು ಮಂಡಳಿ ಜಾಗ. ಗೋದಾಮು ಕಟ್ತಾರಂತೆ."

"ಮಂಡಳೀನಾ? ಯಾರದು ಮಂಡಳಿ?"

"ಸರ್ಕಾರದ್ದು."

"ಸರ್ಕಾರ ಯಾರದು?"

"ನಮ್ಮದೇ."

"ನಮ್ಮದೇ ಆದ್ರೆ ನಂಗೆ ಯಾಕೋ ಚುಚ್ಚುತ್ತೆ?" ಎಂದು ಅವಳು ಸೀರೆ ಎತ್ತಿ ರಕ್ತ ಬರುತ್ತಿದ್ದ ಮೊಣಕಾಲು ತೋರಿಸಿದಳು. ಹಿಂದಿದ್ದ ಹೆಂಗಸರು ನಕ್ಕರು. ಕಾವಲುಗಾರನೂ ನಕ್ಕ. ಆದರೆ ತಂತಿ ತೆಗೆಯಲಿಲ್ಲ.

ತಂತಿ ಅಂಗಳವನ್ನು ಸರಿಯಾಗಿ ನಡುವೆ ಕತ್ತರಿಸಿತ್ತು. ಅಂಗಳ ಎಷ್ಟುದ್ದವೋ ಹಗ್ಗ ಅಷ್ಟುದ್ದ. ಹಡಗಿಗೆ ಬೇಕಾದ ಹಗ್ಗದಲ್ಲಿ ಗಂಟು ಇರಬಾರದು, ಜೋಡಣೆ ಇರಬಾರದು. ಅರ್ಧ ಅಂಗಳದಲ್ಲಿ ಹೊಸೆದದ್ದು ದನ ಕಟ್ಟುವುದಕ್ಕಾಯಿತು, ಬಾವಿಗಾಯಿತು. ಅದರಿಂದ ಇಷ್ಟು ಮನೆಗಳ ಹೊಟ್ಟೆ ತುಂಬುವುದಿಲ್ಲ.

ಗಂಟಲಕ್ಕನ ಮೈದುನ ಕುಂಟುತ್ತಾ ಬಂದ. ರಾಟೆ ತಿರುಗಿಸುವವನು ಅವನೇ. ಎಲ್ಲರೂ ಅವನನ್ನು ರಾಟೆ ಎಂದೇ ಕರೆಯುತ್ತಿದ್ದರು. ದೊರೆಗಳ ವಿರುದ್ಧ ಮೆರವಣಿಗೆ ಹೋದಾಗ ಪೊಲೀಸರ ಕುದುರೆ ತುಳಿದು ಎಡಗಾಲು ಸೊಟ್ಟಗಾಗಿತ್ತು. ಅದನ್ನವನು ಪದಕದಂತೆ ಹೊತ್ತು ತಿರುಗುತ್ತಿದ್ದ.

"ಅತ್ತಿಗೆ, ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದ. ರಾಟೆಯ ಕಬ್ಬಿಣದ ಹಿಡಿ ಕಳಚಿ ತಂದಿದ್ದ. ಒಂದು ಕಂಬದ ಬುಡಕ್ಕೆ ಹಾಕಿ ಮೀಟಿದ. ಹೊಸ ಮಣ್ಣು, ಸಡಿಲವಾಗಿತ್ತು. ಕಂಬ ಎದ್ದುಬಂತು. ಗಂಟಲಕ್ಕ ಎರಡನೆಯದನ್ನು ಹಿಡಿದು ಅಲುಗಾಡಿಸಿದಳು. ಆಮೇಲೆ ಯಾರು ಯಾವುದನ್ನು ಕಿತ್ತರು ಎಂದು ಹೇಳುವುದು ಕಷ್ಟ. ಕಾವಲುಗಾರ "ಬೇಡ್ರಮ್ಮ, ನನ್ನ ಕೆಲಸಕ್ಕೆ ಕಲ್ಲು ಹಾಕಬೇಡ್ರಮ್ಮ" ಎನ್ನುತ್ತಲೇ ಇದ್ದ. ಮಧ್ಯಾಹ್ನ ಪೊಲೀಸರು ಬಂದರು. ಎಲ್ಲರನ್ನೂ ಅಂಗಳದಿಂದ ಹೊರಗೆ ಹಾಕಿ, ಕೋರ್ಟಿಗೆ ಬರಬೇಕೆಂದು ಹೇಳಿ, ಈ ಸಲ ಕಂಬಗಳನ್ನು ಗಾರೆ ಹಾಕಿ ನೆಟ್ಟರು.

ದೊರೆಗಳು ಹಡಗು ಹತ್ತಿ ಹೋಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ.

* * *

ಹಗ್ಗದವರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಕೇರಿಯ ಓಣಿಯಲ್ಲೇ ಹೊಸೆದು ನೋಡಿದರು. ಓಣಿ ನಡುವೆ ಎರಡು ಕಡೆ ತಿರುಗುತ್ತದೆ. ತಿರುವಿನಲ್ಲಿ ಹುರಿ ಗೋಡೆಗೆ ಉಜ್ಜಿ ಎಳೆ ಎದ್ದಿತು. ಹಿಂದೆ ಹಿಂದೆ ನಡೆದ ಹೆಂಗಸರು ಯಾರದೋ ಒಲೆ ತುಳಿದರು, ಯಾರದೋ ಮಗುವನ್ನು ಎಡವಿದರು. ನೆರೆಹೊರೆಯಲ್ಲಿ ಜಗಳ ಹತ್ತಿಕೊಂಡಿತು. ನೆನೆಹಾಕಿದ ನಾರು ತೊಟ್ಟಿಯಲ್ಲೇ ಕೊಳೆತು ಕೇರಿಗೆಲ್ಲ ನಾತ ಹಿಡಿಯಿತು.

ಗಂಟಲಕ್ಕ ಮನೆಯೊಳಗೆ ಗೋಡೆಯಿಂದ ಗೋಡೆಗೆ ನಡೆದಳು. ಪಾತ್ರೆ ತೊಳೆದಿಟ್ಟು ಮತ್ತೆ ತೊಳೆದಳು. ಅಂಗೈಯಲ್ಲಿ ನಾರು ಕೊರೆದು ಕೊರೆದು ಆಗಿದ್ದ ಗೆರೆಗಳು ಕೆಲಸವಿಲ್ಲದೆ ತುರಿಸುತ್ತಿದ್ದವು.

"ಕೂತ್ಕೊಳ್ಳೇ. ನೀನು ಓಡಾಡೋದು ನೋಡಿ ನಂಗೆ ತಲೆ ತಿರುಗುತ್ತೆ," ಎಂದಳು ಅತ್ತೆ. ಅತ್ತೆಗೆ ಕಿವಿ ಮಂದ. ಸೊಸೆಯ ಗಂಟಲು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಅದಕ್ಕೇ ಇಬ್ಬರಿಗೂ ಹೊಂದಿಕೆಯಾಗಿದೆ ಎಂದು ಕೇರಿಯವರು ತಮಾಷೆ ಮಾಡುತ್ತಿದ್ದರು.

"ಅತ್ತೆ, ಮೊದಲು ಅಂಗಳ ಯಾರದಿತ್ತು?"

"ಯಾರದು ಅಂದ್ರೆ? ಹಗ್ಗ ಹೊಸೆಯೋರದು."

"ಕೋರ್ಟಲ್ಲಿ ಹಂಗೆ ಹೇಳಿದ್ರೆ ಆಗುತ್ತಾ? ಸರಿಯಾಗಿ ಹೇಳಿ."

ಅತ್ತೆ ಕಾಲು ಚಾಚಿಕೊಂಡು ಹೇಳಿದಳು. ಅವಳೂ ಅವಳ ಅತ್ತೆಯ ಬಾಯಿಂದ ಕೇಳಿದ್ದು. ಮೊದಲು ಬಂದದ್ದು ಒಂದೇ ಹಡಗು. ಬಿರುಗಾಳಿಗೆ ಸಿಕ್ಕಿ ಹಗ್ಗವೆಲ್ಲ ಹರಿದು, ಪಟ ಜೋತುಬಿದ್ದು ಬಂದ ಹಡಗು. ಅದರಲ್ಲಿದ್ದವರು ಕುಡಿಯಲು ನೀರು ಕೇಳಿದರು, ಹಗ್ಗ ಕೇಳಿದರು. ಕೊಟ್ಟರು. ಹಗ್ಗ ಗಟ್ಟಿಯಾಗಿತ್ತು, ಮತ್ತೆ ಬಂದರು. ಹಗ್ಗ ಬೇಕಾದಷ್ಟು ಸಿಗುವ ಕಡೆ ಒಂದು ಗೋದಾಮು ಇರಲಿ ಎಂದರು. ಗೋದಾಮಿಗೆ ಕಾವಲು ಬೇಕೆಂದರು. ಕಾವಲಿಗೆ ಬಂದೂಕು ಬೇಕೆಂದರು. ಬಂದೂಕು ಬಂದ ಮೇಲೆ ಏನೂ ಕೇಳಲಿಲ್ಲ. ಹಗ್ಗವನ್ನು ನಮಗೆ ಮಾತ್ರ ಮಾರಬೇಕು, ನಾವು ಹೇಳಿದ ಬೆಲೆಗೇ ಮಾರಬೇಕು ಎಂದರು. ಮೀನುಗಾರನಿಗೆ ಕದ್ದುಮುಚ್ಚಿ ಹಗ್ಗ ಕೊಟ್ಟ ಒಬ್ಬ ಮುದುಕನಿಗೆ ಅದೇ ಹಗ್ಗದಲ್ಲಿ ಬಾರಿಸಿದರು.

"ನಮ್ಮ ಹಗ್ಗ ಇಲ್ದಿದ್ರೆ ಅವರು ವಾಪಸ್ ಹೋಗೋಕೇ ಆಗ್ತಿರ್ಲಿಲ್ಲ," ಎಂದಳು ಅತ್ತೆ. "ಹೋಗ್ಲಿ ಪಾಪ ಅಂತ ಕೊಟ್ರು ನಮ್ಮೋರು. ಅವರು ಹೋಗೋಕೆ ಅಂತ ಕೊಟ್ರೆ, ಬರೋಕೆ ಇಟ್ಕೊಂಡ್ರು."

ಆಮೇಲೆ ಅವರ ಊರಿನಲ್ಲಿ ಹಗ್ಗದ ಯಂತ್ರ ಬಂತು. ಇಲ್ಲಿಂದ ನಾರು ಮಾತ್ರ ಹೋಗತೊಡಗಿತು, ಹಗ್ಗ ಅಲ್ಲಿಂದ ಬರತೊಡಗಿತು. ಉದ್ದಂಗಳದಲ್ಲಿ ಹುಲ್ಲು ಬೆಳೆಯಿತು. ಕೇರಿಯ ಗಂಡಸರು ನಾರಿನ ಮೂಟೆ ಹೊರುವ ಕೂಲಿಗಳಾದರು. ಹುಲ್ಲು ಬೆಳೆದ ಅಂಗಳವನ್ನು ದೊರೆಗಳು ಯಾವಾಗಲೋ ತಮ್ಮ ಹೆಸರಿಗೆ ಬರೆದುಕೊಂಡರಂತೆ. ಕೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಆಮೇಲೆ ದೊರೆದೊರೆಗಳ ನಡುವೆ ಯುದ್ಧ ಬಂತು. ಹಡಗುಗಳು ಮುಳುಗಿ ಯಂತ್ರದ ಹಗ್ಗ ಬರುವುದು ನಿಂತಿತು. ಆಗ ಮತ್ತೆ ಇವರ ನೆನಪಾಯಿತು. ಹುಲ್ಲು ಕೀಳಿಸಿ ಹಗಲೂ ರಾತ್ರಿಯೂ ಹೊಸೆಸಿದರು. ಹಗ್ಗದ ಜೊತೆ ಹಡಗಿಗೆ ಜನವೂ ಬೇಕೆಂದರು. ಗಂಟಲಕ್ಕನ ಗಂಡ ಹೋದದ್ದು ಆಗ. ಅವನು ಯಾವ ನೀರಿನಲ್ಲಿ ಮುಳುಗಿದನೆಂದು ಕೂಡ ಯಾರೂ ಬಂದು ಹೇಳಲಿಲ್ಲ.

 ಸೊಸೆ ಎದ್ದು ಮತ್ತೆ ಗೋಡೆಯಿಂದ ಗೋಡೆಗೆ ನಡೆದಳು.

* * *

ಕೋರ್ಟು ದೊರೆಗಳು ಕಟ್ಟಿಸಿದ ಕೆಂಪು ಇಟ್ಟಿಗೆಯ ಕಟ್ಟಡ. ಮೊದಲ ದಿನ ಹೆಂಗಸರು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಹತ್ತಿದರು. ಒಳಗೆ ಕರಿಕೋಟಿನವರು ಬೂಟು ಹಾಕಿಕೊಂಡೇ ಓಡಾಡುತ್ತಿದ್ದುದನ್ನು ನೋಡಿ ಗಂಟಲಕ್ಕ ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡು ಬಂದಳು.

ನ್ಯಾಯಾಧೀಶರು ಬಂದಾಗ ಎಲ್ಲರೂ ಎದ್ದು ನಿಂತರು. ಮೈದುನ ಅತ್ತಿಗೆಯ ತೋಳು ಚಿವುಟಿದ.

"ಅತ್ತಿಗೆ! ಇವರು ಅವರೇ ಅಲ್ವಾ?"

ಅವರೇ. ಕೂದಲು ಬೆಳ್ಳಗಾಗಿತ್ತು, ಗಲ್ಲ ತುಂಬಿಕೊಂಡಿತ್ತು. ಹೋರಾಟದ ಕಾಲದಲ್ಲಿ ಅವರು ವಕೀಲರು. ಊರಿನ ಜನವೆಲ್ಲ ಹಿಡಿಸುವಂಥ ಜಾಗ ಉದ್ದಂಗಳ ಒಂದೇ ಆದ್ದರಿಂದ ಸಭೆ ಅಲ್ಲೇ ನಡೆಯುತ್ತಿತ್ತು. ಹಗ್ಗದ ಸುರುಳಿಗಳನ್ನು ಒಟ್ಟಿ ಅದರ ಮೇಲೆ ನಿಂತು ಅವರು ಮಾತಾಡಿದ್ದರು. "ಈ ನೆಲ ನಿಮ್ಮದು ತಾಯಂದಿರಾ, ಈ ಕಡಲು ನಿಮ್ಮದು" ಎಂದಿದ್ದರು. ಅಂಥ ಮಾತು! ಒಲೆಯ ಮುಂದೆ ಕೂತು ಅಕ್ಕ ತಂಗಿಯರು ಆಡುವಂಥ ಮಾತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಮಾತಾಡಿ ಗಂಟಲೊಣಗಿದಾಗ ಗಂಟಲಕ್ಕನೇ ಚೊಂಬಿನಲ್ಲಿ ನೀರು ಕೊಟ್ಟಿದ್ದಳು. ಮಾರನೆಯ ದಿನ ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು, ವರ್ಷಗಟ್ಟಲೆ ಜೈಲಿನಲ್ಲಿದ್ದರು. ಅದು ಸುಳ್ಳಲ್ಲ.

"ನಮ್ಮೋರೇ ಕಣೇ," ಎಂದು ಹೆಂಗಸರು ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಂಡರು. "ಇನ್ನೇನು, ಅಂಗಳ ನಮ್ಮದೇ."

ನ್ಯಾಯಾಧೀಶರು ಬಾಯಿ ತೆರೆದರು. ಬಂದದ್ದು ದೊರೆಗಳ ಭಾಷೆ.

ಮಂಡಳಿಯ ವಕೀಲ ಎದ್ದು ಅದೇ ಭಾಷೆಯಲ್ಲಿ ಉತ್ತರಿಸಿದ. ಇಬ್ಬರೂ ಒಂದಷ್ಟು ಹೊತ್ತು ಮಾತಾಡಿಕೊಂಡರು. ಕೆಳಗೆ ಕೂತಿದ್ದ ಬಡಕಲು ಮನುಷ್ಯ ಎದ್ದುನಿಂತು ಹೆಂಗಸರ ಕಡೆ ತಿರುಗಿದ. ಅವನು ದುಭಾಷಿ. ಅವನ ಅಪ್ಪನೂ ಇದೇ ಕೋರ್ಟಿನಲ್ಲಿ ದುಭಾಷಿಯಾಗಿದ್ದನಂತೆ.

"ಮುಂದಿನ ತಿಂಗಳು ಬರಬೇಕಂತೆ," ಎಂದ.

"ಅಷ್ಟು ಹೊತ್ತು ಮಾತಾಡಿದ್ದು ಇದನ್ನೇನಾ?" ಎಂದಳು ಗಂಟಲಕ್ಕ.

"ಸದ್ದು!" ಎಂದ ಜವಾನ.

* * *

ಮುಂದಿನ ತಿಂಗಳು ಅವಳನ್ನು ಕಟಕಟೆಗೆ ಕರೆದರು. ವಕೀಲ ಕೇಳಿದ. ದುಭಾಷಿ ಹೇಳಿದ: "ಕಂಬ ಕಿತ್ತದ್ದು ನಿಜವೇ ಅಂತ ಕೇಳ್ತಿದ್ದಾರೆ."

"ನಿಜಾನೇ ಸ್ವಾಮಿ," ಎಂದಳು. "ಆದರೆ ಯಾಕೆ ಕಿತ್ವಿ ಅಂತಾನೂ ಕೇಳಿ. ನಾನು ಮದುವೆಯಾಗಿ ಬಂದ ಮಾರನೇ ದಿನವೇ ನನ್ನ ಸೊಂಟಕ್ಕೆ ನಾರು ಕಟ್ಟಿ ಅಂಗಳಕ್ಕೆ ಬಿಟ್ರು. ನನ್ನ ಗಂಡ ರಾಟೆ ತಿರುಗಿಸ್ತಿದ್ದ. ನಾನು ಅವನ ಮುಖ ನೋಡ್ತಾ ಹಿಂದಕ್ಕೆ ಹಿಂದಕ್ಕೆ ನಡೀತಿದ್ದೆ. ಬೇರೆ ಮನೇಲಿ ಹೆಂಡತಿ ಹತ್ತಿರ ಬಂದ್ರೆ ಗಂಡನಿಗೆ ಖುಷಿ. ನಮ್ಮ ಮನೇಲಿ ದೂರ ಹೋದಷ್ಟೂ ಖುಷಿ."

ಹೆಂಗಸರು ಕಿಸಕ್ಕನೆ ನಕ್ಕರು. ಗಂಟಲಕ್ಕ ನೋಡುತ್ತಿದ್ದದ್ದು ನ್ಯಾಯಾಧೀಶರನ್ನು. ದುಭಾಷಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ನ್ಯಾಯಾಧೀಶರ ತುಟಿಯ ಕೊನೆ ಸಣ್ಣಗೆ ಮೇಲೆದ್ದು, ಮತ್ತೆ ಜಾಗಕ್ಕೆ ಕೂತಿತು.

ಅವಳಿಗೆ ಧೈರ್ಯ ಬಂತು. ಮೊದಲ ಹಡಗಿನ ವಿಷಯ ಹೇಳಿದಳು. ಬಂದೂಕಿನ ವಿಷಯ ಹೇಳಿದಳು. ಹುಲ್ಲು ಬೆಳೆದ ಅಂಗಳವನ್ನು ಯಾರಿಗೂ ಹೇಳದೆ ಬರೆದುಕೊಂಡದ್ದು, ಯುದ್ಧಕ್ಕೆ ಹೋದ ಗಂಡ, ಮೈದುನನ ಕಾಲು, ಓಣಿಯಲ್ಲಿ ಕೊಳೆಯುತ್ತಿರುವ ನಾರು. "ಕದ್ದೋರು ಓಡಿಹೋಗುವಾಗ ಕದ್ದ ಮಾಲು ಬಿಟ್ಟು ಹೋದ್ರೆ, ಅದು ಯಾರಿಗೆ ಸೇರ್ಬೇಕು ಸ್ವಾಮಿ? ಕಳ್ಕೊಂಡೋರಿಗೆ ತಾನೇ?" ಎಂದು ಕೇಳಿ ಕೈಮುಗಿದಳು. ಬೆವರು ಇಳಿಯುತ್ತಿತ್ತು.

ದುಭಾಷಿ ನ್ಯಾಯಾಧೀಶರ ಕಡೆ ತಿರುಗಿ ಎರಡೇ ಎರಡು ಮಾತು ಹೇಳಿ ಕೂತ. ಗುಮಾಸ್ತ ಬರೆದುಕೊಂಡ.

ಗಂಟಲಕ್ಕ ಕಾದಳು. ಇನ್ನೂ ಹೇಳುತ್ತಾನೇನೋ ಎಂದುಕೊಂಡಳು. 

"ದುಭಾಷಿಗಳೇ, ನಾನು ಅಷ್ಟೆಲ್ಲ ಹೇಳಿದ್ದು ಏನಾಯ್ತು?"

"ಹೇಳಿದೆನಲ್ಲಮ್ಮ."

"ಎರಡೇ ಮಾತು ಹೇಳಿದ್ರಿ. ನನ್ನ ಗಂಡ ಎಲ್ಲಿ? ಹಡಗು ಎಲ್ಲಿ? ಅವರ ಭಾಷೇಲಿ ಎಲ್ಲಾ ಅಷ್ಟು ಚಿಕ್ಕದಾ?"

ನ್ಯಾಯಾಧೀಶರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಾ ಏನೋ ಹೇಳಿದರು. ದುಭಾಷಿ ತಲೆ ತಗ್ಗಿಸಿಕೊಂಡು, "ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಂತೆ. ಕಿತ್ತದ್ದು ನಿಜ ಅಂತ ನೀವು ಒಪ್ಪಿಕೊಂಡಿದ್ದೀರಿ, ಅಷ್ಟು ಸಾಕಂತೆ," ಎಂದ.

ಹೊರಗೆ ನಲ್ಲಿಯ ಹತ್ತಿರ ದುಭಾಷಿ ಮುಖ ತೊಳೆದುಕೊಳ್ಳುತ್ತಿದ್ದ. ಗಂಟಲಕ್ಕ ಹೋಗಿ ಎದುರು ನಿಂತಳು. ಬಯ್ಯಬೇಕೆಂದೇ ಹೋದವಳು. ಹತ್ತಿರದಿಂದ ನೋಡಿದರೆ ಅವನ ಕೋಟಿನ ತೋಳು ಎರಡು ಕಡೆ ತೇಪೆ ಹಾಕಿದ್ದು.

"ನಿಮಗೂ ಹೆಂಡತಿ ಮಕ್ಕಳು ಇದ್ದಾರಲ್ವಾ?" ಎಂದಳು.

"ಇದ್ದಾರಮ್ಮ. ಅದಕ್ಕೇ ಎರಡು ಮಾತು." ಅವನು ಮುಖ ಒರೆಸಿಕೊಂಡ. "ನಾನು ಉದ್ದಕ್ಕೆ ಹೇಳಿದರೆ ಅವರು ತಡೀತಾರೆ. ಮೊದಮೊದಲು ಹೇಳ್ತಿದ್ದೆ. ಆಗಿನ ದೊರೆ ಪೇಪರ್‌ವೇಟು ಎತ್ತಿ ಎಸೆದಿದ್ದ."

"ಈಗಿನವರೂ ಎಸೀತಾರಾ?"

"ಇಲ್ಲ. ಇವರು ಗಡಿಯಾರ ನೋಡ್ತಾರೆ."

"ಇವರಿಗೆ ನಮ್ಮ ಮಾತು ಬರುತ್ತೆ. ನಾನು ಕೇಳಿದೀನಿ. ಇವತ್ತು ನಕ್ಕರು ಕೂಡ."

"ಬರದೇ ಏನು? ಅವರ ತಾಯಿ ಮಾತು ಅದು. ಆದರೆ ಬರೆಯೋದು ಆ ಭಾಷೇಲೇ ಆಗಬೇಕು. ಕಾನೂನು ದೊರೆಗಳದೇ ಅಲ್ವಾ? ಹೋಗುವಾಗ ಕುರ್ಚಿ ಮೇಜು ಬಿಟ್ಟು ಹೋದರು, ಕಾನೂನೂ ಬಿಟ್ಟು ಹೋದರು. ಕೂತವರಿಗೆ ಕುರ್ಚಿ ಸರಿಹೋಯ್ತು."

ಗಂಟಲಕ್ಕ ನಲ್ಲಿ ನಿಲ್ಲಿಸಿದಳು. ನೀರು ಸುಮ್ಮನೆ ಸುರಿಯುತ್ತಿತ್ತು.

"ಗೋದಾಮು ಯಾರಿಗೆ ಕಟ್ತಿದ್ದಾರೆ?"

ದುಭಾಷಿ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಕಂಪನಿಗೆ."

"ಯಾವ ಕಂಪನಿ? ಹಳೇದಾ? ಅವರು ಹೋದ್ರಲ್ಲ!"

"ಬಾವುಟ ಇಳಿಸಿದ್ದು ಕಂಡಿರಿ. ಕಂಪನಿಯ ಬೋರ್ಡು ಇಳಿಸಿದ್ದು ಕಂಡಿರಾ? ಈಗ ಮಂಡಳೀಲಿ ಅವರದು ಅರ್ಧ, ನಮ್ಮ ದೊಡ್ಡವರದು ಅರ್ಧ."

ಅವಳು ಆ ದಿನ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮೈದುನ ಒಪ್ಪಲಿಲ್ಲ.

"ದುಭಾಷಿ ಹಳೇ ದೊರೆಗಳ ಮನುಷ್ಯ, ಅತ್ತಿಗೆ. ಅವನ ಮಾತು ನಂಬಬೇಡಿ. ನಮ್ಮ ನ್ಯಾಯಾಧೀಶರು ಜೈಲಿಗೆ ಹೋದವರು. ಅವರು ಹಂಗೆ ಮಾಡಲ್ಲ." ಅವನು ಸೊಟ್ಟ ಕಾಲನ್ನು ತಿಕ್ಕಿಕೊಂಡ. "ಮಾಡಿದ್ರೆ ಇದು ಯಾಕೆ ಬೇಕಿತ್ತು ನಂಗೆ?"



* * *

ತೀರ್ಪಿನ ದಿನ ಇಡೀ ಕೇರಿ ಬಂದಿತ್ತು. ಅತ್ತೆಯೂ ಬಂದಳು. ಮೈದುನ ಕ್ಷೌರ ಮಾಡಿಸಿಕೊಂಡು ಒಗೆದ ಅಂಗಿ ತೊಟ್ಟಿದ್ದ.

ನ್ಯಾಯಾಧೀಶರು ಓದತೊಡಗಿದರು. ಹಾಳೆ ಮೇಲೆ ಹಾಳೆ. ಹೆಂಗಸರು ಅವರ ಮುಖ ನೋಡುತ್ತಾ ಕೂತರು. ಮುಖದಲ್ಲಿ ಏನೂ ಸಿಗಲಿಲ್ಲ. ದನಿ ಏರಿದಾಗ ಒಳ್ಳೆಯದೇನೋ ಎಂದುಕೊಂಡರು, ಇಳಿದಾಗ ಕೆಟ್ಟದೇನೋ ಎಂದುಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬಳಿಗೆ ತೂಕಡಿಕೆ ಬಂತು. ಕೊನೆಯ ಹಾಳೆ ಮುಗಿಯಿತು. ಮಂಡಳಿಯ ವಕೀಲ ತಲೆ ಬಾಗಿಸಿದ. ನಗಲಿಲ್ಲ, ಏನಿಲ್ಲ. ಕಾಗದ ಕಟ್ಟಿಕೊಂಡ.

"ನೋಡಿ, ಅವನ ಮುಖ ಬಾಡಿದೆ!" ಎಂದ ಮೈದುನ. "ಗೆದ್ವಿ ಅತ್ತಿಗೆ! ನಾನು ಹೇಳ್ಲಿಲ್ವಾ?"

ಆ ಮಾತು ಸಾಲಿನಿಂದ ಸಾಲಿಗೆ ಹಾರಿತು. ಗೆದ್ವಿ, ಗೆದ್ವಂತೆ. ಹೆಂಗಸರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಒಬ್ಬಳು ಅಳತೊಡಗಿದಳು. ಅತ್ತೆ ಎರಡೂ ಕೈ ಮೇಲೆತ್ತಿ, "ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ, ನೂರು ವರ್ಷ ಬಾಳು," ಎಂದು ನ್ಯಾಯಾಧೀಶರನ್ನು ಹರಸಿದಳು.

ನ್ಯಾಯಾಧೀಶರು ಒಂದು ಕ್ಷಣ ನಿಂತರು. ಅತ್ತೆಯ ಎತ್ತಿದ ಕೈಗಳನ್ನು ನೋಡಿದರು. ಆಮೇಲೆ ಬೇಗ ಬೇಗ ಹಿಂಬಾಗಿಲಿನಿಂದ ಹೊರಟುಹೋದರು.

ದುಭಾಷಿ ಕೂತಲ್ಲೇ ಕೂತಿದ್ದ. ನೆಲ ನೋಡುತ್ತಿದ್ದ. ಗಂಟಲಕ್ಕ ಚಪ್ಪಾಳೆ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಹೋಗಿ ಅವನ ತೇಪೆ ಹಾಕಿದ ತೋಳು ಹಿಡಿದಳು.

"ಹೇಳಿ."

"ಅಂಗಳ ಮಂಡಳಿಗೆ ಹೋಯ್ತಮ್ಮ."

"ಜೋರಾಗಿ ಹೇಳಿ."

"ಅಂಗಳ ಮಂಡಳಿಗೆ. ಮೊದಲ ಕಂಬ ಕಿತ್ತದ್ದಕ್ಕೆ ನಿಮ್ಮ ಮೈದುನನಿಗೆ ಆರು ತಿಂಗಳು ಜೈಲು."

ಅವಳು ತಿರುಗಿ ನೋಡುವಷ್ಟರಲ್ಲಿ ಇಬ್ಬರು ಪೊಲೀಸರು ಮೈದುನನ ಎರಡೂ ಕಡೆ ಬಂದು ನಿಂತಿದ್ದರು. ಅವನು ಅವರನ್ನು ನೋಡಿ ನಗುತ್ತಿದ್ದ. ದಾರಿ ಮಾಡಿಕೊಡಲು ಬಂದಿದ್ದಾರೆ ಎಂದುಕೊಂಡಿದ್ದನೋ ಏನೋ. ಬೇಡಿ ಬಿದ್ದ ಮೇಲೂ ಸ್ವಲ್ಪ ಹೊತ್ತು ಆ ನಗು ಮುಖದ ಮೇಲೇ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಕಿವಿ ಕೇಳದ ಅತ್ತೆ ಇನ್ನೂ ಕೈಯೆತ್ತಿ ಖಾಲಿ ಕುರ್ಚಿಯನ್ನು ಹರಸುತ್ತಿದ್ದಳು. ಸೊಸೆ ಹೋಗಿ ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

* * *

ಆ ರಾತ್ರಿ ಕೇರಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಬೆಳಗಾಗುತ್ತಿದ್ದಂತೆ ಗಂಟಲಕ್ಕ ಬಾಗಿಲಲ್ಲಿ ನಿಂತು ಕೂಗಿದಳು.

"ನಾರು ಎತ್ಕೊಳ್ರೇ!"

"ಎಲ್ಲಿಗಕ್ಕ? ಅಂಗಳಕ್ಕಾ? ಗಾರೆ ಹಾಕಿದ್ದಾರಲ್ಲ."

"ಅಂಗಳಕ್ಕಲ್ಲ. ಕೋರ್ಟಿಗೆ."

ಕೆಂಪು ಕಟ್ಟಡದ ಮುಂದಿನ ಪಡಸಾಲೆ ಈ ಕೊನೆಯಿಂದ ಆ ಕೊನೆಯವರೆಗೆ ನೇರ. ಒಂದು ಕಡೆಯ ಕಂಬಕ್ಕೆ ರಾಟೆ ಕಟ್ಟಿದರು. ತಿರುಗಿಸಲು ಅತ್ತೆ ಕೂತಳು. "ನನ್ನ ಇಬ್ಬರೂ ಗಂಡುಮಕ್ಕಳು ತಿರುಗಿಸಿದ್ದು, ನಂಗೆ ಆಗಲ್ವಾ?" ಎಂದಳು. ಹೆಂಗಸರು ಸೊಂಟಕ್ಕೆ ನಾರು ಸಿಕ್ಕಿಸಿ ಎಳೆ ಬಿಡುತ್ತಾ ನಡೆದರು. ಕೋರ್ಟಿನ ಬಾಗಿಲುಗಳ ಮುಂದೆ ಒಂದೊಂದಾಗಿ ಹುರಿ ಹಾದುಹೋಯಿತು. ಮೊಣಕಾಲೆತ್ತರದ ಒಂದು ಹುರಿ, ಸೊಂಟದೆತ್ತರದ ಒಂದು.

ವಕೀಲರು ಬಂದರು. ಕೆಲವರು ದಾಟಲು ಹೋಗಿ ಕೋಟು ಸಿಕ್ಕಿಸಿಕೊಂಡರು. ಜವಾನ ಹಾರಾಡಿದ. ಪೊಲೀಸನೊಬ್ಬ ಬಂದು, "ಇಲ್ಲಿ ಹೊಸೆಯೋ ಹಾಗಿಲ್ಲ," ಎಂದ.

"ಯಾರು ಹೇಳಿದ್ದು?"

"ಕಾನೂನು."

"ಯಾವ ಭಾಷೇಲಿ ಹೇಳಿದೆ? ನಮಗೆ ಗೊತ್ತಾಗೋ ಭಾಷೇಲಿ ಹೇಳಿದ್ರೆ ಈಗಲೇ ಎದ್ದು ಹೋಗ್ತೀವಿ."

ಪೊಲೀಸನಿಗೂ ಆ ಭಾಷೆ ಬರುತ್ತಿರಲಿಲ್ಲ. ಅವನು ಕೇಳಿಕೊಂಡು ಬರುತ್ತೇನೆಂದು ಹೋದವನು ಹೋದನೇ.

ಅಷ್ಟರಲ್ಲಿ ಬೇರೆ ಮೊಕದ್ದಮೆಗಳಿಗೆ ಬಂದ ಜನ ಸುತ್ತ ಸೇರಿದ್ದರು. ಒಬ್ಬ ಗಾಡಿ ಹೊಡೆಯುವವನು. ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. ಹೆಂಚು ಸುಡುವ ಒಬ್ಬ ಮುದುಕ. ಏನಿದು ಎಂದು ಕೇಳಿದರು. ಗಂಟಲಕ್ಕ ನಿನ್ನೆಯ ಚಪ್ಪಾಳೆಯ ವಿಷಯ ಹೇಳಿದಳು. ಯಾರಾದರೂ ನಗುತ್ತಾರೇನೋ ಎಂದು ಅಂಜುತ್ತಲೇ ಹೇಳಿದಳು.

ಯಾರೂ ನಗಲಿಲ್ಲ.

"ನಾನೂ ಕೈಮುಗಿದು ಬಂದಿದ್ದೆ," ಎಂದ ಹೆಂಚಿನ ಮುದುಕ. "ಭಟ್ಟಿ ಹೋಯ್ತು ಅಂತ ಗೊತ್ತಾಗಿದ್ದು ಅವರು ಬೀಗ ಹಾಕೋಕೆ ಬಂದಾಗ."

"ನನ್ನ ಗಂಡನಿಗೆ ಎಷ್ಟು ವರ್ಷ ಅಂತ ನಂಗೆ ಈಗಲೂ ಗೊತ್ತಿಲ್ಲ," ಎಂದಳು ಮಗು ಎತ್ತಿಕೊಂಡವಳು. "ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ. ಪ್ರತಿ ವಾರ ಬಂದು ಕೂತು ಹೋಗ್ತೀನಿ."

ಗಾಡಿಯವನು ಅಂಗಿಯ ತೋಳು ಮಡಿಸಿ ಅತ್ತೆಯ ಪಕ್ಕ ಕೂತು, "ಬಿಡಿ ಅಜ್ಜಿ, ಕೈ ನೋಯುತ್ತೆ," ಎಂದು ರಾಟೆಯ ಹಿಡಿ ತೆಗೆದುಕೊಂಡ. ಹೆಂಚಿನ ಮುದುಕ ಎಳೆ ಬಿಚ್ಚಿಕೊಡತೊಡಗಿದ. ಮಗುವಿನವಳು ಮಗುವನ್ನು ನೆಲಕ್ಕೆ ಬಿಟ್ಟು ಹುರಿಯ ಕೆಳಗೆ ಕೈಯೊಡ್ಡಿದಳು. ಒಳಗೆ ಜವಾನ ಯಾರ ಯಾರದೋ ಹೆಸರು ಕೂಗಿದ. ಯಾರೂ ಹೋಗಲಿಲ್ಲ.

ನ್ಯಾಯಾಧೀಶರ ಕಾರು ಬಂತು. ಹಿಂಬಾಗಿಲ ಕಡೆಗೂ ಜನ ಕೂತಿದ್ದರು, ಆದ್ದರಿಂದ ಅವರು ಮೆಟ್ಟಿಲು ಹತ್ತಿ ಮುಂದಿನಿಂದಲೇ ಬಂದರು. ಬಿಗಿದು ನಿಂತ ಹುರಿ ಅವರ ಸೊಂಟಕ್ಕೆ ತಾಗಿತು. ಅತ್ತ ನೋಡಿದರು, ಇತ್ತ ನೋಡಿದರು. ಎದುರಿಗೆ ಗಂಟಲಕ್ಕ ಎಳೆ ಬಿಡುತ್ತಾ ನಿಂತಿದ್ದಳು.

"ದಾರಿ ಬಿಡಮ್ಮ," ಎಂದರು.

 ರಾಟೆ ನಿಂತಿತು.

"ಬಂತಲ್ಲ!" ಎಂದಳು ಗಂಟಲಕ್ಕ. ಕೂಗಲಿಲ್ಲ. ಅವಳ ಗಂಟಲಿಗೆ ಅಷ್ಟು ಮೆಲ್ಲನೆಯ ದನಿಯೂ ಇದೆ ಎಂದು ಕೇರಿಯವರಿಗೇ ಗೊತ್ತಿರಲಿಲ್ಲ. "ನಮ್ಮ ಮಾತು ನಿಮ್ಮ ಬಾಯಿಗೆ ಬಂತಲ್ಲ ಸ್ವಾಮಿ. ದಾರಿ ಬಿಡು ಅನ್ನೋಕೆ ಬರುತ್ತೆ. ನಿನ್ನೆ ಓದಿದ್ರಲ್ಲ, ಅದನ್ನೂ ಅದೇ ಬಾಯಲ್ಲಿ ಹೇಳಿಬಿಡಿ. ದಾರಿ ಬಿಡ್ತೀವಿ."

ನ್ಯಾಯಾಧೀಶರು ದುಭಾಷಿಯ ಕಡೆ ನೋಡಿದರು. ಅವನು ಬಾಗಿಲ ಹತ್ತಿರ ನಿಂತಿದ್ದ. 

"ಇದಕ್ಕೆ ನಾನು ಬೇಕಾಗಿಲ್ಲ ಸ್ವಾಮಿ," ಎಂದು ಹೇಳಿ ಅವನು ಗೋಡೆಗೆ ಸರಿದ.

ನ್ಯಾಯಾಧೀಶರು ದೊರೆಗಳ ಭಾಷೆಯಲ್ಲಿ ಏನೋ ಶುರುಮಾಡಿದರು. "ಉಹುಂ" ಎಂದಿತು ಜನ. ಬಯ್ಗುಳವಿಲ್ಲ, ಕೂಗಾಟವಿಲ್ಲ. ಪಡಸಾಲೆ ತುಂಬ ಬರೀ "ಉಹುಂ". ಅವರು ನಿಲ್ಲಿಸಿದರು. ಜೇಬಿನಿಂದ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು.

"ಅಂಗಳ..." ಎಂದರು.  ಕೆಮ್ಮಿದರು. "ಆ ಅಂಗಳ ನಿಮ್ಮದಲ್ಲ."

ಹೆಂಗಸರು ಕೇಳಿದರು. ಒಂದೊಂದು ಅಕ್ಷರವೂ ಅರ್ಥವಾಯಿತು.

"ನಮ್ಮದಲ್ಲ," ಎಂದಳು ಗಂಟಲಕ್ಕ. "ಸರಿ. ಹಾಗಾದ್ರೆ ಯಾರದು?"

ನ್ಯಾಯಾಧೀಶರು ಬಾಯಿ ತೆರೆದರು. 

"ಯಾರದು?" ಎಂದ ಹೆಂಚಿನ ಮುದುಕ.

"ಯಾರದು ಅಂತ ಹೇಳಿ," ಎಂದಿತು ಹಿಂದಿನಿಂದ ಇನ್ನೊಂದು ದನಿ, ಮೆಟ್ಟಿಲ ಕೆಳಗಿನಿಂದ ಮತ್ತೊಂದು.

 ಹೇಳಬೇಕಿದ್ದ ಕಂಪನಿಯ ಹೆಸರು ಆ ಜನರ ಮುಂದೆ, ಆ ಜನರ ಮಾತಿನಲ್ಲಿ, ನ್ಯಾಯಾಧೀಶರ ನಾಲಿಗೆ ದಾಟಿ ಬರಲಿಲ್ಲ.

"ಅವಸರ ಏನಿಲ್ಲ ಸ್ವಾಮಿ," ಎಂದಳು ಗಂಟಲಕ್ಕ. "ನಿಧಾನವಾಗಿ ಯೋಚನೆ ಮಾಡಿ ಹೇಳಿ. ನಾವು ಇಲ್ಲೇ ಇರ್ತೀವಿ."